ರ‍್ಯಾಮ್ ತಿಂದವರಾರು?

16 ಜಿಬಿ ರ‍್ಯಾಮ್ ಇರುವ ವಿಂಡೋಸ್ ಲ್ಯಾಪ್‌ಟಾಪ್. ತೆರೆದಿರುವುದು ಒಂದು ಬ್ರೌಸರ್, ಒಂದು ಎಡಿಟರ್, ಹಿನ್ನೆಲೆಯಲ್ಲಿ ಡಾಕರ್. ಆದರೂ ಮೌಸ್ ತೆವಳುತ್ತದೆ, ಫ್ಯಾನ್ ಬೊಬ್ಬೆ ಹೊಡೆಯುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಪಟ್ಟಿಯ ತುದಿಯಲ್ಲೇ ‘ವಿಎಂಮೆಮ್’ ಎಂಬ ಹೆಸರು, ಅದರೆದುರು 7 ಜಿಬಿ ದಾಟಿದ ಲೆಕ್ಕ. ‘ಎಂಡ್ ಟಾಸ್ಕ್’ ಒತ್ತಿದರೆ ಅನುಮತಿ ಇಲ್ಲ ಎಂಬ ಉತ್ತರ ಬರುವುದೂ ಉಂಟು. ವೈರಸ್ಸೇ ಇರಬೇಕೆಂದು ಗಾಬರಿಬೀಳುವವರನ್ನು ದೂರುವಂತಿಲ್ಲ.

ಅದು ವೈರಸ್ ಅಲ್ಲ. ವರ್ಚುವಲ್ ಮಷೀನ್ ಬಳಸುತ್ತಿರುವ ಮೆಮೊರಿಯನ್ನು ವಿಂಡೋಸ್ ಆ ಹೆಸರಿನಲ್ಲಿ ತೋರಿಸುತ್ತದೆ, ಅಷ್ಟೆ. 2019ರಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ ಡಬ್ಲ್ಯುಎಸ್‌ಎಲ್ 2 ಎಂದರೆ ವಿಂಡೋಸ್ ಒಳಗೇ ವರ್ಚುವಲ್ ಮಷೀನ್‌ನಲ್ಲಿ ಓಡುವ ಅಸಲಿ ಲಿನಕ್ಸ್ ಕರ್ನಲ್. ವಿಂಡೋಸ್‌ನಲ್ಲಿ ಡಾಕರ್ ಡೆಸ್ಕ್‌ಟಾಪ್ ಕೂಡ ಸಾಮಾನ್ಯವಾಗಿ ಇದರ ಬೆನ್ನೇರಿಯೇ ಕೆಲಸ ಮಾಡುತ್ತದೆ. ನಾವಾಗಿ ಮಿತಿ ಹಾಕದಿದ್ದರೆ ಒಟ್ಟು ರ‍್ಯಾಮಿನ ಅರ್ಧದವರೆಗೂ ಅದು ಕೈಚಾಚಬಹುದು. 16ರಲ್ಲಿ 8 ಹೋಗುವುದು ಹೀಗೆ.

ಹೋದದ್ದು ಮರಳಿ ಬರದಿರುವುದೇ ದೊಡ್ಡ ತಲೆನೋವು. ಖಾಲಿ ಬಿದ್ದ ರ‍್ಯಾಮ್ ದಂಡ ಎಂಬುದು ಲಿನಕ್ಸ್‌ನ ನಂಬಿಕೆ. ಡಿಸ್ಕ್‌ನಿಂದ ಓದಿದ ಫೈಲುಗಳನ್ನೆಲ್ಲ ಅದು ಕ್ಯಾಶ್ ಆಗಿ ಇಟ್ಟುಕೊಂಡಿರುತ್ತದೆ. ಯಾವುದಾದರೂ ಪ್ರೋಗ್ರಾಂ ಕೇಳಿದೊಡನೆ ಬಿಟ್ಟುಕೊಡುತ್ತದೆ. ಸ್ವಂತ ಕಂಪ್ಯೂಟರಿನಲ್ಲಿ ಇದು ಜಾಣತನ. ವರ್ಚುವಲ್ ಮಷೀನ್‌ನಲ್ಲಿ ಹಾಗಲ್ಲ. ಬಾಡಿಗೆಗೆ ಕೊಟ್ಟ ಕೋಣೆಯಲ್ಲಿ ಸಂಸಾರ ನಡೆಯುತ್ತಿದೆಯೋ ಹಳೇ ಪೇಪರ್ ತುಂಬಿಟ್ಟಿದ್ದಾರೋ ಮನೆ ಮಾಲೀಕನಿಗೆ ಹೊರಗಿನಿಂದ ತಿಳಿಯದು; ಹಾಗೆಯೇ ಗೆಸ್ಟ್ (ಒಳಗಿನ ವರ್ಚುವಲ್ ಮಷೀನ್) ಹಿಡಿದಿರುವ ಮೆಮೊರಿಯಲ್ಲಿ ಕೆಲಸದ್ದೆಷ್ಟು, ಕ್ಯಾಶ್ ಎಷ್ಟು ಎಂಬುದು ಹೋಸ್ಟ್‌ಗೆ, ಅಂದರೆ ಹೊರಗಿನ ವಿಂಡೋಸ್‌ಗೆ, ಗೊತ್ತಾಗುವುದಿಲ್ಲ.

ಆದ್ದರಿಂದ ಟಾಸ್ಕ್ ಮ್ಯಾನೇಜರ್ ಒಂದನ್ನೇ ನಂಬಿ ತೀರ್ಪು ಕೊಡಬಾರದು, ಒಳಗಿನಿಂದಲೂ ನೋಡಬೇಕು. ಲಿನಕ್ಸ್ ಟರ್ಮಿನಲ್‌ನಲ್ಲಿ ‘ಫ್ರೀ’ ಎಂಬ ಕಮಾಂಡ್ ಕೊಟ್ಟರೆ ಒಂದು ಪುಟ್ಟ ಕೋಷ್ಟಕ ಬರುತ್ತದೆ. ಎಲ್ಲರ ಕಣ್ಣೂ ‘ಫ್ರೀ’ ಕಾಲಮಿನ ಮೇಲೆ ಬೀಳುತ್ತದೆ, ಅಲ್ಲಿನ ಸಣ್ಣ ಅಂಕಿ ನೋಡಿ ಎದೆ ಧಸಕ್ಕೆನ್ನುತ್ತದೆ. ನೋಡಬೇಕಾದದ್ದು ಬಲತುದಿಯ ‘ಅವೈಲಬಲ್’ ಕಾಲಮ್. ಅದರಲ್ಲಿ ನಾಲ್ಕೈದು ಜಿಬಿ ಕಂಡರೆ ಗೆಸ್ಟ್‌ಗೆ ಕೊರತೆಯಿಲ್ಲ, ಕೂಡಿಟ್ಟುಕೊಂಡಿದೆ ಎಂದರ್ಥ. ಧೈರ್ಯವಾಗಿ ಮಿತಿ ಇಳಿಸಬಹುದು. ಅದೂ ತಳ ಕಂಡು, ಕೆಳಗಿನ ಸಾಲಿನ ಸ್ವಾಪ್ (ಮೆಮೊರಿ ಸಾಲದಾಗ ಡಿಸ್ಕ್‌ನಲ್ಲಿ ಬಳಸುವ ಜಾಗ) ಏರುತ್ತಿದ್ದರೆ ಮಾತೇ ಬೇರೆ. ಆಗ ಒಳಗಿನ ಡೇಟಾಬೇಸೋ ಜಾವಾ ಪ್ರೋಗ್ರಾಮೋ ನಿಜವಾಗಿಯೂ ಹಸಿದಿದೆ. ಅಂಥ ಹೊತ್ತಿನಲ್ಲಿ ಮಿತಿ ಇಳಿಸಿದರೆ ಲಿನಕ್ಸ್ ಕರ್ನಲ್ಲೇ ಆ ಪ್ರೋಗ್ರಾಮನ್ನು ಕೊಂದುಹಾಕಬಹುದು.

ಮಿತಿ ಹಾಕುವುದು ಎರಡು ಸಾಲಿನ ಕೆಲಸ. ನಿಮ್ಮ ಯೂಸರ್ ಫೋಲ್ಡರಿನಲ್ಲಿ ‘.ಡಬ್ಲ್ಯುಎಸ್‌ಎಲ್‌ಕಾನ್ಫಿಗ್’ ಎಂಬ ಫೈಲ್ (ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ, ಚುಕ್ಕಿಯಿಂದ ಆರಂಭ); ಮೊದಲ ಸಾಲಿನಲ್ಲಿ ಚೌಕ ಆವರಣದೊಳಗೆ ಡಬ್ಲ್ಯುಎಸ್‌ಎಲ್2, ಎರಡನೆಯದರಲ್ಲಿ ಮೆಮೊರಿ=4ಜಿಬಿ. ಇಲ್ಲೊಂದು ಗುಂಡಿ ಇದೆ. ನೋಟ್‌ಪ್ಯಾಡ್ ಸದ್ದಿಲ್ಲದೆ ಹೆಸರಿನ ಬಾಲಕ್ಕೆ ‘.ಟಿಎಕ್ಸ್‌ಟಿ’ ಅಂಟಿಸಿಬಿಡುತ್ತದೆ, ವಿಂಡೋಸ್ ಆ ಬಾಲವನ್ನು ಮರೆಮಾಚುತ್ತದೆ. ಫೈಲ್ ಸರಿಯಾಗಿದ್ದಂತೆ ಕಂಡರೂ ಮಿತಿ ಜಾರಿಯಾಗುವುದಿಲ್ಲ, ದೋಷ ಸಂದೇಶವೂ ಬರುವುದಿಲ್ಲ. ಸೇವ್ ಮಾಡುವಾಗ ‘ಆಲ್ ಫೈಲ್ಸ್’ ಆರಿಸಿ, ಬಳಿಕ ಡಬ್ಲ್ಯುಎಸ್‌ಎಲ್ ಅನ್ನು ಶಟ್‌ಡೌನ್ ಮಾಡಿ ಮತ್ತೆ ಆರಂಭಿಸಿ.

ವರ್ಚುವಲ್ ಮಷೀನ್ ಓಡಿಸುವ ಇನ್ನೊಂದು ತಂತ್ರಾಂಶವಾದ ವರ್ಚುವಲ್‌ಬಾಕ್ಸ್‌ನ ಜಾಯಮಾನ ಬೇರೆ. ಅದರಲ್ಲಿ ನಡೆಯುವ ಮಷೀನ್ ಹಿಡಿದ ಮೆಮೊರಿ ಟಾಸ್ಕ್ ಮ್ಯಾನೇಜರಿನ ಪಟ್ಟಿಯಲ್ಲಿ ಪೂರ್ತಿಯಾಗಿ ಕಾಣುವುದೇ ಇಲ್ಲ. ಪಟ್ಟಿಯನ್ನೆಲ್ಲ ಕೂಡಿದರೂ ಮೇಲಿನ ಶೇಕಡಾವಾರು ತಾಳೆಯಾಗುವುದಿಲ್ಲ. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ರ‍್ಯಾಮ್‌ಮ್ಯಾಪ್ ತೆರೆದು ‘ಡ್ರೈವರ್ ಲಾಕ್ಡ್’ ಸಾಲನ್ನು ನೋಡಿದರೆ ಕಾಣೆಯಾದ ಗಂಟು ಅಲ್ಲಿ ಸಿಗುತ್ತದೆ. ಮೆಮೊರಿ ನಿಗದಿಮಾಡುವ ಸ್ಲೈಡರ್‌ನಲ್ಲಿ ಹಸಿರು ಪಟ್ಟಿ ಮುಗಿದು ಕೆಂಪು ಶುರುವಾಗುವುದು ಅಲಂಕಾರಕ್ಕಲ್ಲ. ಗೆಸ್ಟ್‌ಗೆ ಹೆಚ್ಚು ಕೊಟ್ಟಷ್ಟೂ ವೇಗ ಎಂದುಕೊಂಡು ಕೆಂಪಿಗೆ ಎಳೆಯುವವರೇ ಜಾಸ್ತಿ. ಹೋಸ್ಟ್ ಉಸಿರುಗಟ್ಟಿ ಡಿಸ್ಕ್‌ಗೆ ಸ್ವಾಪ್ ಮಾಡತೊಡಗಿದರೆ ಗೆಸ್ಟ್ ಕೂಡ ಅದರೊಂದಿಗೇ ಕುಸಿಯುತ್ತದೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಬೇಕು. 8 ಜಿಬಿ ಲ್ಯಾಪ್‌ಟಾಪಿನಲ್ಲಿ ಅದನ್ನು ಗೆಸ್ಟ್ ಮಾಡಿಕೊಳ್ಳುವ ಸಾಹಸ ಬೇಡವೆಂಬುದು ನನ್ನ ಅಭಿಪ್ರಾಯ. ಕಾಲೇಜಿನ ಲ್ಯಾಬ್ ಅಭ್ಯಾಸಕ್ಕಾದರೆ ಡೆಸ್ಕ್‌ಟಾಪ್ ಇಲ್ಲದ ಲಿನಕ್ಸ್ ಸರ್ವರ್ ಒಂದೆರಡು ಜಿಬಿಯಲ್ಲಿ ಸಲೀಸಾಗಿ ಓಡುತ್ತದೆ.

ಗೆಸ್ಟ್ ಕೂಡಿಟ್ಟ ಮೆಮೊರಿಯನ್ನು ಮರಳಿ ಪಡೆಯುವ ಕಗ್ಗಂಟಿಗೆ ದೊಡ್ಡ ಸರ್ವರುಗಳಲ್ಲಿ ಉತ್ತರ ಹುಡುಕಿದ್ದು ಸೊಗಸಾದ ಕಥೆ. ವಿಎಂವೇರ್‌ನ ಕಾರ್ಲ್ ವಾಲ್ಡ್‌ಸ್ಪರ್ಗರ್ 2002ರ ಪ್ರಬಂಧವೊಂದರಲ್ಲಿ ‘ಬಲೂನ್’ ತಂತ್ರವನ್ನು ವಿವರಿಸಿದರು. ಗೆಸ್ಟ್ ಒಳಗೆ ಒಂದು ಡ್ರೈವರ್ ಕೂತಿರುತ್ತದೆ. ಹೋಸ್ಟ್‌ಗೆ ಮೆಮೊರಿ ಬೇಕಾದಾಗ ಅದು ಬಲೂನಿನಂತೆ ಉಬ್ಬಿ, ‘ನನಗಿಷ್ಟು ಬೇಕು’ ಎಂದು ಗೆಸ್ಟ್ ಅನ್ನೇ ಕೇಳುತ್ತದೆ. ಯಾವುದನ್ನು ಬಿಡಬಹುದೆಂದು ಗೆಸ್ಟ್‌ಗೇ ಚೆನ್ನಾಗಿ ಗೊತ್ತು. ಅದು ಕ್ಯಾಶ್ ಕಳಚಿ ಕೊಡುತ್ತದೆ, ಹಾಗೆ ಸಿಕ್ಕ ಜಾಗವನ್ನು ಹೋಸ್ಟ್ ಬೇರೆಡೆಗೆ ಬಳಸಿಕೊಳ್ಳುತ್ತದೆ. ವರ್ಚುವಲ್‌ಬಾಕ್ಸ್‌ನಲ್ಲೂ ಬಲೂನ್ ಸೌಲಭ್ಯವುಂಟು, ಆದರೆ ಗೆಸ್ಟ್ ಅಡಿಷನ್ಸ್ ಹಾಕಿಕೊಂಡಿರಬೇಕು. ಡಬ್ಲ್ಯುಎಸ್‌ಎಲ್‌ಗೂ ಬಿಡುವಿನ ವೇಳೆ ಕ್ಯಾಶ್ ಮರಳಿಸುವ ಆಯ್ಕೆ 2023ರಲ್ಲಿ ಬಂತು.

ಒಳಗೂ ಹೊರಗೂ ಪರೀಕ್ಷಿಸಿದ ಮೇಲೂ ಕೊರತೆ ನಿಜವೆಂದಾದರೆ ರ‍್ಯಾಮ್ ಕೊಳ್ಳುವುದೇ ದಾರಿ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೊರಡುವ ಮುನ್ನ ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ‘ಸ್ಲಾಟ್ಸ್ ಯೂಸ್ಡ್’ ಎಂಬಲ್ಲಿ ಖಾಲಿ ಸ್ಲಾಟ್ ಇದೆಯೇ ನೋಡಿಕೊಳ್ಳಿ, ಲ್ಯಾಪ್‌ಟಾಪಿನ ಮಾಡೆಲ್ ಸಂಖ್ಯೆ ಹಿಡಿದು ತಯಾರಕರ ವಿವರಪಟ್ಟಿಯನ್ನೂ ಓದಿ. ಅನೇಕ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ಅಂಥವಕ್ಕೆ ಸೇರಿಸಲು ಬರುವುದಿಲ್ಲ.