ರಾತ್ರಿ ಕೊಯ್ಲಿಗೆ ಕರೆಂಟು ಎಲ್ಲಿಂದ?

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯ ಗದ್ದೆಗಳಲ್ಲಿ ಭತ್ತ ಕೊಯ್ಲಿಗೆ ಬಂದರೆ ಯಂತ್ರಗಳಿಗೆ ಹಗಲು ಸಾಲದು. ಟ್ರ್ಯಾಕ್ಟರಿಗೆ ಮುಂದೆರಡು, ಹಿಂದೆರಡು ಹೆಚ್ಚುವರಿ ಫೋಕಸ್ ಲೈಟು ಏರುತ್ತವೆ. ಜೊತೆಗೆ ಸೌಂಡ್ ಬಾಕ್ಸು. ಹಾಡಿಲ್ಲದೆ ಟ್ರ್ಯಾಲಿ ಹೊರಡುವುದುಂಟೆ! ಬೆಳಗ್ಗೆ ಕೀಲಿ ತಿರುವಿದರೆ ‘ಟಕ್’ ಅನ್ನುವ ಸದ್ದಷ್ಟೇ.

ಬೈಗುಳವೆಲ್ಲ ಬ್ಯಾಟರಿಗೆ.

ಆದರೆ 55 ವ್ಯಾಟಿನ ನಾಲ್ಕು ಹ್ಯಾಲೊಜೆನ್ ಬಲ್ಬುಗಳೇ ಸುಮಾರು 16 ಆಂಪಿಯರ್ ಎಳೆಯುತ್ತವೆ. ಆ ಕರೆಂಟು ಹುಟ್ಟಬೇಕಾದದ್ದು ಆಲ್ಟರ್ನೇಟರಿನಲ್ಲಿ. ಗ್ಯಾರೇಜಿನವರಿಗೆ ಅದು ಈಗಲೂ ‘ಡೈನಮೋ’. ಅದರ ಮೇಲೆ ಬರೆದಿರುವ ಆಂಪಿಯರ್ ಜೋರಾಗಿ ತಿರುಗಿದಾಗಿನ ಲೆಕ್ಕ. ಗಾಡಿ ಐಡ್ಲಿಂಗಿನಲ್ಲಿ ನಿಂತಾಗ ಅಷ್ಟು ಸಿಗದು. ಕೊರತೆಯನ್ನು ಬ್ಯಾಟರಿ ತುಂಬುತ್ತದೆ, ಅದೂ ಖಾಲಿಯಾಗುವವರೆಗೆ.

ದೊಡ್ಡ ಆಲ್ಟರ್ನೇಟರ್ ಕೂರಿಸಿದರೆ ಮುಗಿಯಿತೇ? 14 ವೋಲ್ಟಿನಲ್ಲಿ 100 ಆಂಪಿಯರ್ ಎಂದರೆ 1400 ವ್ಯಾಟ್. ನಷ್ಟವನ್ನೂ ಸೇರಿಸಿದರೆ ಎಂಜಿನ್ನು ಸುಮಾರು 3 ಎಚ್‌ಪಿ ಬಿಟ್ಟುಕೊಡಬೇಕು. ಹಳೆಯ ಬೆಲ್ಟು ಜಾರಿ ಕೀಚಲು ದನಿ ಎಬ್ಬಿಸುತ್ತದೆ. ಮೊದಲಿದ್ದ ಸಣ್ಣ ವೈರನ್ನೇ ಉಳಿಸಿದರೆ ಅದು ಕಾದು ಬೆಂಕಿ ಹೊತ್ತಿಕೊಳ್ಳಬಹುದು. ದಪ್ಪ ಕೇಬಲ್, ತಕ್ಕ ಫ್ಯೂಸ್, ಗಟ್ಟಿ ಅರ್ಥಿಂಗ್ ಬೇಕೇ ಬೇಕು. ಯಲಬುರ್ಗಾದ ಎರೆಹೊಲ, ಕುಷ್ಟಗಿಯ ಕಲ್ಲುಕ್ವಾರಿಗಳ ದೂಳು ಗಾಳಿಕಿಂಡಿಗಳನ್ನು ಮುಚ್ಚಿದರೆ ದುಬಾರಿ ಆಲ್ಟರ್ನೇಟರೂ ಸುಟ್ಟುಹೋದೀತು.

ಎಷ್ಟೋ ಗಾಡಿಗಳಿಗೆ ಎಲ್‌ಇಡಿ ದೀಪವೇ ಸಾಕು. ಖರ್ಚಿಗೆ ಮುನ್ನ ಕೊಪ್ಪಳದ ಯಾವುದಾದರೂ ಆಟೊ ವೈರಿಂಗ್ ಅಂಗಡಿಯಲ್ಲಿ ಎಂಜಿನ್ ಚಾಲೂ ಇಟ್ಟು, ಎಲ್ಲ ಲೈಟು ಹಚ್ಚಿ, ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಸಬಹುದು. 13.5 ವೋಲ್ಟಿನ ಮೇಲಿದ್ದರೆ ಆಲ್ಟರ್ನೇಟರ್ ಬದಲಿಸುವ ಮಾತೇ ಬೇಡ.