ಕಲ್ಲಿಗಂಟಿದ ಕಲ್ಗ, ಮಣಿಗಂಟಿದ ಕಿಣ್ವ

ಭಟ್ಕಳ ಮಲ್ಲಿಗೆಯ ಬಿಗಿ ಮೊಗ್ಗಿನ ಮಾಲೆಯನ್ನು ಬೆಳಿಗ್ಗೆ ಮೂಸಿ ನೋಡಿ, ಘಮ ಇನ್ನೂ ಬಂದಿರುವುದಿಲ್ಲ. ಸಂಜೆ ಅದೇ ಮಾಲೆ ಬಿರಿದರೆ ಮನೆಯೆಲ್ಲ ಪರಿಮಳ. ಅದರಲ್ಲಿ ದೊಡ್ಡ ಪಾಲು ಬೆಂಜೈಲ್ ಅಸಿಟೇಟ್ ಎಂಬ ಎಸ್ಟರಿನದು. ಒಂದು ಆಮ್ಲ, ಒಂದು ಆಲ್ಕೋಹಾಲ್ ಬೆಸೆದುಕೊಂಡು ನಡುವಿನಿಂದ ನೀರಿನ ಅಣುವೊಂದು ಕಳಚಿದರೆ ಎಸ್ಟರ್. ಹೊನ್ನಾವರದ ಅಂಗಡಿಯಲ್ಲಿ ತೂಗುವ ಬಾಳೆಗೊನೆಯ ವಾಸನೆಯೂ ಇದೇ ಮನೆತನದ್ದು, ಐಸೊಅಮೈಲ್ ಅಸಿಟೇಟ್.

ಹೂವು ತನ್ನ ಎಸ್ಟರನ್ನು ತಣ್ಣಗೆ, ತನ್ನ ಕಿಣ್ವದಿಂದ ಮಾಡಿಕೊಳ್ಳುತ್ತದೆ. ನಮ್ಮ ಹಳೆಯ ವಿಧಾನಕ್ಕೆ ಗಂಧಕಾಮ್ಲ ಬೇಕು, ಕಾಯಿಸಬೇಕು, ಕೊನೆಗೆ ಆ ಆಮ್ಲವನ್ನು ತೊಳೆದು ತೆಗೆಯಬೇಕು.

ಬೇರೆ ದಾರಿ ಲೈಪೇಸ್ ಕಿಣ್ವದ್ದು. ಅದರ ಹುಟ್ಟುಗುಣ ಒಡೆಯುವುದು: ನಾವು ಉಂಡ ತೆಂಗಿನೆಣ್ಣೆಯನ್ನು ನೀರು ಸೇರಿಸಿ ತುಂಡರಿಸುತ್ತದೆ. ಆದರೆ ನೀರನ್ನು ತೀರಾ ಕಡಿಮೆ ಮಾಡಿದರೆ ಅದೇ ಕಿಣ್ವ ಬೆಸೆಯತೊಡಗುತ್ತದೆ! 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಝಾಕ್ಸ್ ಮತ್ತು ಕ್ಲಿಬನೋವ್ ಹಂದಿಯ ಲೈಪೇಸನ್ನು ನೀರು ತೀರಾ ಕಡಿಮೆಯಿರುವ ದ್ರವದಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲೂ ದುಡಿಸಿ ತೋರಿಸಿದರು. ನನಗೆ ಇಂದಿಗೂ ಬೆರಗು ಹುಟ್ಟಿಸುವ ಪ್ರಯೋಗವಿದು.

ಕಿಣ್ವ ದುಬಾರಿ. ಒಮ್ಮೆ ಬಳಸಿ ಚೆಲ್ಲುವಂತಿಲ್ಲ. ಕುಮಟಾದ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನಿಂತರೆ ಉಪಾಯ ಕಣ್ಣೆದುರೇ ಇದೆ. ಬಂಡೆಗೆ ಕಚ್ಚಿಕೊಂಡ ಕಲ್ಗ ಎಂಬ ಚಿಪ್ಪುಜೀವಿ, ಅದರ ಒಂದು ಚಿಪ್ಪು ಕಲ್ಲಿನದೇ ಭಾಗವೆಂಬಂತೆ. ಭರತ ಬಂದಾಗ ನೀರನ್ನು ಸೋಸಿ ಉಣ್ಣುತ್ತದೆ. ನೀರು ಹಿಂದೆ ಸರಿದರೂ ಕಲ್ಗ ಅಲ್ಲೇ. ಹಾಗೆಯೇ ಲೈಪೇಸನ್ನು ರವೆಕಾಳಿನಷ್ಟು ಸಣ್ಣ ರಾಳದ ಮಣಿಗಳಿಗೆ ಅಂಟಿಸುತ್ತಾರೆ. ಕೆಲಸ ಮುಗಿದ ಮೇಲೆ ಸೋಸಿದರೆ ಎಸ್ಟರ್ ಕೆಳಗೆ, ಮಣಿಗಳು ಮೇಲೆ. ತೊಳೆದು, ಒಣಗಿಸಿ, ಮತ್ತೆ ಹಾಕುವುದು.

ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಎಸ್. ದಿವಾಕರ್, ಎನ್.ಜಿ. ಕಾರಂತ್ ಮತ್ತು ಸಂಗಡಿಗರು ರೈಜೊಮ್ಯೂಕರ್ ಮೀಹೈ ಎಂಬ ಬೂಷ್ಟಿನ ಲೈಪೇಸನ್ನು ಹೀಗೆ ಅಂಟಿಸಿದ ರೂಪದಲ್ಲಿ ಬಳಸಿ ಬಾಳೆಹಣ್ಣಿನ ಆ ಎಸ್ಟರನ್ನೇ ತಯಾರಿಸಿದರು. ವರದಿ ಪ್ರಕಟವಾದದ್ದು 2001ರಲ್ಲಿ. ಸುಲಭದ ಕೆಲಸವಲ್ಲ ಅದು. ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲವೇ ಇಲ್ಲಿ ಕಚ್ಚಾವಸ್ತು, ಕಿಣ್ವವನ್ನು ಮಂಕಾಗಿಸುವುದೂ ಅದೇ. ನೀರಿನ ಲೆಕ್ಕವೂ ಸೂಕ್ಷ್ಮ: ಹೆಚ್ಚಾದರೆ ಹುಟ್ಟಿದ ಎಸ್ಟರ್ ಮತ್ತೆ ಒಡೆಯುತ್ತದೆ, ಪೂರ್ತಿ ಹೀರಿಬಿಟ್ಟರೆ ಕಿಣ್ವ ಸೆಟೆದು ನಿಲ್ಲುತ್ತದೆ. ಅದರ ಮೈಗೆ ಅಂಟಿದ ತೆಳು ನೀರಿನ ಪದರವನ್ನಷ್ಟೇ ಉಳಿಸಬೇಕು, ಇಳಿತದಲ್ಲಿ ಕಲ್ಗ ತನ್ನ ಚಿಪ್ಪಿನೊಳಗೆ ಗುಟುಕು ನೀರು ಹಿಡಿದಿಟ್ಟುಕೊಂಡ ಹಾಗೆ.