ಕೈಗಿಂತ ಮೊದಲು ಕಾಲು

ಮಂಗಳೂರಿನ ಉರ್ವ ಮಾರ್ಕೆಟಿನಲ್ಲಿ ಬೂತಾಯಿ, ಬಂಗುಡೆಯ ಬುಟ್ಟಿಗಳು ಇಳಿಯುವ ಹೊತ್ತು. ಮೀನು ಮಾರುವ ಹೆಂಗಸೊಬ್ಬರು ಸಿಂಬೆ ಸರಿಮಾಡಿಕೊಂಡು ಬುಟ್ಟಿಯನ್ನು ತಲೆಗೇರಿಸುತ್ತಾರೆ. ಕತ್ತು ನೆಟ್ಟಗೆ, ಭುಜ ಸಡಿಲ. ಓಡುನಡಿಗೆಯಲ್ಲಿ ಹೊರಟರೂ ಸೊಂಟದಿಂದ ಮೇಲೆ ಏನೂ ಅಲುಗದು. ಭಾರವನ್ನು ಬೆನ್ನೆಲುಬಿನ ನೇರಕ್ಕೆ ಇಳಿಸುವ ಈ ವಿದ್ಯೆಯನ್ನು ಅವರಿಗೆ ಯಾವ ಶಾಲೆಯೂ ಕಲಿಸಿದ್ದಲ್ಲ. ಮಾರಿಗುಡಿ ಕಡೆಯ ಒಳದಾರಿಯ ಹಂಚಿನ ಮನೆಯೊಂದರಲ್ಲಿ, ಎಣ್ಣೆ ತಿಕ್ಕುವ ಕಸುಬಿಗಾಗಿ, ಅದನ್ನೇ ಒಬ್ಬಳು ಹುಡುಗಿ ಬೆವರು ಸುರಿಸಿ ಕಲಿಯುತ್ತಿದ್ದಾಳೆ.

ಕೋಣೆಯ ತುಂಬ ಬಿಸಿ ಎಣ್ಣೆಯ ಘಾಟು. ಎಳ್ಳೆಣ್ಣೆ, ಹಾಲು, ಬಲಾ ಬೇರು ಸೇರಿಸಿ ಕಾಯಿಸಿದ ಕ್ಷೀರಬಲಾ ತೈಲ. ನಡುವೆ ಮರದ ದ್ರೋಣಿ, ಅಂಚಿನುದ್ದಕ್ಕೂ ಎಣ್ಣೆ ಹರಿದಿಳಿಯಲು ತೋಡಿದ ತಗ್ಗು. ಅದರ ಮೇಲೆ ಕವುಚಿ ಮಲಗಿದವರ ಬೆನ್ನ ಮೇಲೆ ಹುಡುಗಿಯ ಅಂಗೈ ಜಾರುತ್ತಿದೆ. ಕಲಿಸುವ ಅಕ್ಕನ ಕಣ್ಣು ಮಾತ್ರ ನೆಲದ ಮೇಲಿದೆ.

"ಕೈ ಮತ್ತೆ ನೋಡುವ ಮಾರಾಯ್ತಿ. ಹಿಂದಿನ ಹಿಮ್ಮಡಿ ಎಂತಕ್ಕೆ ಎತ್ತಿದ್ದು?"

ಹುಡುಗಿ ಹಿಮ್ಮಡಿ ಊರುತ್ತಾಳೆ. ಒಂದು ಕಾಲು ಮುಂದೆ, ಒಂದು ಹಿಂದೆ. ಮುಂದಿನ ಮಂಡಿ ತುಸು ಬಾಗಿದೆ. ಹಿಂದಿನ ಪಾದ ನೆಲ ಒತ್ತಿದಾಗ ಮೈಭಾರ ಸೊಂಟ, ಭುಜ ದಾಟಿ ಅಂಗೈಗೆ ಬರುತ್ತದೆ. ತೋಳು ದಾರಿ ಕೊಟ್ಟರೆ ಸಾಕು. ಮಣಿಕಟ್ಟು ಮಡಚಿದರೆ ಆ ಭಾರ ಅಲ್ಲೇ ತಡೆದು ನೋವಾಗಿ ಕೂರುತ್ತದೆ. ಹೆಬ್ಬೆರಳಿನಿಂದ ಒತ್ತುವ ಹಟ ಇನ್ನೂ ಕೆಟ್ಟದ್ದು: ಈ ಕಸುಬಿನಲ್ಲಿ ಹೆಬ್ಬೆರಳ ಬುಡ ಸೋತು ಕೆಲಸ ಬಿಟ್ಟವರಿದ್ದಾರೆ. ಗಂಟುಕಟ್ಟಿದ ಜಾಗಕ್ಕೆ ಅಂಗೈಯ ಬುಡ ಇದೆ, ಮೊಣಕೈ ಇದೆ.

ದ್ರೋಣಿಯ ಎತ್ತರಕ್ಕೂ ಅಳತೆಯುಂಟು. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮುಷ್ಟಿಯ ಗೆಣ್ಣು ಹಲಗೆಗೆ ತಾಗಬೇಕು. ತಗ್ಗಾದರೆ ಸೊಂಟ ಬಾಗುತ್ತದೆ, ಎತ್ತರವಾದರೆ ಭುಜ ಕಿವಿಗೇರುತ್ತದೆ.

ಪಂಚಕರ್ಮದ ಕ್ರಮದಲ್ಲಿ ಮಲಗಿದವರನ್ನು ಕೂರಿಸಿ, ಅಂಗಾತ, ಮಗ್ಗುಲು, ಕವುಚಿ ಎಂದು ಏಳು ಭಂಗಿಗಳಲ್ಲಿ ತಿಕ್ಕುವುದುಂಟು. ಎರಡೂ ಪಕ್ಕ ಒಬ್ಬೊಬ್ಬರು ನಿಂತು, ಒಂದೇ ಲಯದಲ್ಲಿ. ಒಬ್ಬಳ ನಿಲುವು ತಪ್ಪಿದರೆ ಮಲಗಿದವರಿಗೆ ಎಡಬಲ ಬೇರೆಯೆಂದು ಕೂಡಲೇ ತಿಳಿಯುತ್ತದೆ. ಉಜಿರೆಯ ಪ್ರಕೃತಿ ಚಿಕಿತ್ಸಾ ಕಾಲೇಜಿನಂಥ ಕಡೆ ಓದುವವರು ನೀವುವುದನ್ನು ಎಫ್ಲುರಾಜ್, ನಾದುವುದನ್ನು ಪೆಟ್ರಿಸಾಜ್ ಎಂದು ಕಲಿಯುತ್ತಾರೆ. 19ನೇ ಶತಮಾನದಲ್ಲಿ ಆಮ್‌ಸ್ಟರ್‌ಡ್ಯಾಮಿನ ವೈದ್ಯ ಯೋಹಾನ್ ಮೆಟ್ಸ್‌ಗರ್ ಚಾಲ್ತಿಗೆ ತಂದ ಹೆಸರುಗಳು. ಆ ಪದ್ಧತಿಯಲ್ಲಿ ನೀವುವುದು ಹೃದಯದ ಕಡೆಗೆ, ಆಯುರ್ವೇದದ ಎಣ್ಣೆ ತಿಕ್ಕುವಿಕೆಯಾದ ಅಭ್ಯಂಗದಲ್ಲಿ ರೋಮ ಮಲಗಿದ ದಿಕ್ಕಿಗೆ. ನಿಲ್ಲುವ ಬಗೆಯಲ್ಲಿ ಮಾತ್ರ ಭೇದವಿಲ್ಲ.

ನೋವಿನಿಂದ ಬಂದವರ ಬೆನ್ನು ಮುಟ್ಟುವ ಕೈ ತನ್ನ ಬೆನ್ನನ್ನೂ ಕಾಯಬೇಕು. ಹಾಗೆ ಕಾದುಕೊಂಡವಳೇ ಇಪ್ಪತ್ತು ವರ್ಷ ಇನ್ನೊಬ್ಬರ ನೋವು ಇಳಿಸಬಲ್ಲಳು ಎಂದು ನಾನು ನಂಬುತ್ತೇನೆ. ಈ ಶ್ರಮಕ್ಕೆ ಸಲ್ಲಬೇಕಾದ ಗೌರವ ನಮ್ಮೂರಲ್ಲಿ ಇನ್ನೂ ಸಂದಿಲ್ಲ.

ಹುಡುಗಿ ತರಗತಿ ಮುಗಿಸಿ ಮನೆಗೆ ಬಂದಾಗ ಅಮ್ಮ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಾರೆ. ಮಡಿಲಲ್ಲಿ ಮೊರದಂಥ ತಡ್ಪೆ, ಎಲೆ, ಕತ್ತರಿ, ನೂಲು. ಗದ್ದ ಎದೆಗೆ ತಾಗುವಷ್ಟು ಕುತ್ತಿಗೆ ಬಗ್ಗಿದೆ. ನಾಲ್ಕೈದು ಕಿಲೋ ತೂಗುವ ತಲೆ ಹೀಗೆ ಮುಂದಕ್ಕೆ ಜೋತರೆ ಕತ್ತಿನ ಸ್ನಾಯುಗಳಿಗೆ ಬೀಳುವ ಎಳೆತ ಎಷ್ಟೋ ಪಟ್ಟು.

"ಅಮ್ಮಾ, ಗೋಡೆಗೆ ಒರಗಿ ಕೂರಿ. ತಡ್ಪೆ ಕೆಳಗೆ ದಿಂಬು ಇಡ್ತೇನೆ."

"ಸಾವಿರ ಕಟ್ಟಿ ಆಗ್ಬೇಡ್ವಾ ಮಗಾ?"

"ಆಗ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ, ಸಾಕು."